ಜಮೀನು ಕೈ ಬದಲಾಗಲಿಲ್ಲ, ಬೆಳೆ ಹೆಚ್ಚಿತು!

ನೂರು ಮೂಟೆ ಭತ್ತ ಬೆಳೆದರೆ ಐವತ್ತು ಒಡೆಯನ ಮನೆಗೆ. ಮುಂದಿನ ವರ್ಷ ಆ ಗದ್ದೆ ನಿಮ್ಮ ಕೈಯಲ್ಲೇ ಇರುತ್ತೆ ಅನ್ನೋ ಖಾತ್ರಿಯೂ ಇಲ್ಲ. ಹೀಗಿದ್ರೆ ಗೊಬ್ಬರಕ್ಕೆ ಸಾಲ ಮಾಡ್ತೀರಾ?

ಪಶ್ಚಿಮ ಬಂಗಾಳದಲ್ಲಿ ಪಾಲಿಗೆ ಉಳೋ ಬರ್ಗಾದಾರರ ಪಾಡು ಇದೇ ಆಗಿತ್ತು.

1978ರಲ್ಲಿ ಅಲ್ಲಿನ ಸರ್ಕಾರ ‘ಆಪರೇಷನ್ ಬರ್ಗಾ’ ಶುರು ಮಾಡ್ತು. ಅಧಿಕಾರಿಗಳು ಹಳ್ಳಿಗೇ ಹೋಗಿ ಬರ್ಗಾದಾರರ ಹೆಸರು ದಾಖಲೆಗೆ ಸೇರಿಸಿದ್ರು. ಹೆಸರು ಬಿತ್ತು ಅಂದ್ರೆ, ಪಾಲು ಸರಿಯಾಗಿ ಕೊಡ್ತಾ ಇರೋ ತನಕ ಒಕ್ಕಲೆಬ್ಬಿಸೋ ಹಾಗಿಲ್ಲ. ಬೀಜ, ಗೊಬ್ಬರದ ಖರ್ಚು ಉಳುವವನದೇ ಆದ್ರೆ ಒಡೆಯನಿಗೆ ಕಾಲು ಭಾಗ, ಇವನಿಗೆ ಮುಕ್ಕಾಲು.

ಜಮೀನು ಒಡೆಯನ ಹೆಸರಲ್ಲೇ ಉಳೀತು. ಆದ್ರೆ ಬೆವರಿನ ಫಲ ತನಗೇ ಸಿಗುತ್ತೆ ಅಂತ ಗೊತ್ತಾದಾಗ ದುಡಿಮೆಯ ಹುರುಪೇ ಬೇರೆ.

ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಪಾಲ್ ಗರ್ಟ್ಲರ್, ಮೈತ್ರೀಶ್ ಘಟಕ್ 2002ರಲ್ಲಿ ಲೆಕ್ಕ ಹಾಕಿದ್ರು: ಆಪರೇಷನ್ ಬರ್ಗಾ ನಂತರದ ವರ್ಷಗಳಲ್ಲಿ ಅಲ್ಲಿ ಕೃಷಿ ಉತ್ಪಾದಕತೆ ಏರಿದ್ದರಲ್ಲಿ ಸುಮಾರು ಶೇ. 28ರಷ್ಟು ಈ ಸುಧಾರಣೆಯಿಂದ. ಕೊಳವೆಬಾವಿ, ಹೊಸ ಭತ್ತದ ತಳಿಗಳೂ ಕೈ ಜೋಡಿಸಿದ್ವು.

ನಮ್ಮ ಕರ್ನಾಟಕದಲ್ಲಿ? 1974ರಲ್ಲಿ ದೇವರಾಜ ಅರಸು ಸರ್ಕಾರ ಇನ್ನೂ ಮುಂದೆ ಹೋಗಿ ಗೇಣಿ ಪದ್ಧತಿಯನ್ನೇ ರದ್ದು ಮಾಡ್ತು. ಉಳುವವನೇ ಹೊಲದೊಡೆಯನಾದ.

ಆದ್ರೆ ಹಕ್ಕುಪತ್ರವೊಂದೇ ಪೈರು ತೆಗೆಯಲ್ಲ. ನೀರು, ಬೀಜ, ಕೈಗೆಟಕೋ ಸಾಲವೂ ಜೊತೆಗೇ ಬರಬೇಕು.