ಭಿನ್ನಗಳ ಅಲ್ಪಬಹುತ್ವ: ವೀಸ, ಕಾಣಿ ಮತ್ತು ಮಹಾವೀರಾಚಾರ್ಯರ ನಿರುದ್ಧ

ಕಡೂರು, ತರೀಕೆರೆ ಹಾಗೂ ಹಿಂದೆ ತರೀಕೆರೆ ತಾಲ್ಲೂಕಿಗೇ ಸೇರಿದ್ದ ಅಜ್ಜಂಪುರ ಸೀಮೆಯ ಶಾಸನಗಳನ್ನು ಬಿ. ಎಲ್. ರೈಸ್ ಅವರು 1901ರಲ್ಲಿ 'ಎಪಿಗ್ರಾಫಿಯ ಕರ್ನಾಟಿಕ'ದ 6ನೆಯ ಸಂಪುಟದಲ್ಲಿ ಪ್ರಕಟಿಸಿದರು. ಇಂತಹ ಸೀಮೆಗಳ ದತ್ತಿಶಾಸನಗಳನ್ನೂ ಅನಂತರದ ಲೆಕ್ಕದ ಕಡತಗಳನ್ನೂ ಹೋಲಿಸಿ ಓದುವ ಸಂಪಾದಕನಿಗೆ ಅಕ್ಷರಗಳಿಗಿಂತ ಪಾಲುಗಳೇ ಹೆಚ್ಚು ತೊಡಕನ್ನುಂಟುಮಾಡುತ್ತವೆ. ಎರಡು ಭಿನ್ನಗಳಲ್ಲಿ ಯಾವುದು ಹಿರಿದು, ಎಷ್ಟು ಹಿರಿದು ಎಂಬುದು ತಿಳಿಯದೆ ಪಾಠನಿರ್ಣಯ ಸಾಧ್ಯವಿಲ್ಲ. ಷಟ್ಖಂಡಾಗಮದ ಎಂಟು ಅನುಯೋಗದ್ವಾರಗಳಲ್ಲಿ ಅಲ್ಪಬಹುತ್ವವೂ ಒಂದಾಗಿರುವುದರಿಂದ ಇಂತಹ ವಿಚಾರವು ಜೈನ ವಿದ್ವಾಂಸರಿಗೆ ಹೊಸದೇನೂ ಅಲ್ಲ.

ಕನ್ನಡನಾಡಿನ ವ್ಯವಹಾರದಲ್ಲಿ ಭಿನ್ನಗಳು ನಾಲ್ಕು ನಾಲ್ಕಾಗಿ ಒಡೆಯುತ್ತವೆ. ಕಾಲು, ಪಣದ ಲೆಕ್ಕದಲ್ಲಿ ಹಾಗ, 1/4, ವೀಸ 1/16, ಕಾಣಿ 1/64. (ತಮಿಳಿನ ಕಾಣಿ 1/80 ಆದುದರಿಂದ ಗಡಿನಾಡಿನ ಓಲೆಗಳನ್ನು ಓದುವಾಗ ಎಚ್ಚರಿಕೆ ಅಗತ್ಯ.) ಬರೆಹದಲ್ಲಿ ಕಾಲಿಗೆ ನಿಂತ ಗೀಟು, ವೀಸಕ್ಕೆ ಓರೆ ಗೀಟು. ಇಲ್ಲಿ ಹೋಲಿಕೆಗೆ ಗುಣಾಕಾರವೇ ಬೇಡ. ಮೊದಲು ಕಾಲುಗಳನ್ನು, ಅವು ಸಮವಾದರೆ ವೀಸಗಳನ್ನು, ಅವೂ ಸಮವಾದರೆ ಕಾಣಿಗಳನ್ನು ನೋಡಿದರೆ ಸಾಕು. 'ಅರೆ ಮೂರು ವೀಸ'ಕ್ಕಿಂತ ಮುಕ್ಕಾಲು ಹಿರಿದೆಂಬುದು ಕಣ್ಣಿಗೇ ಕಾಣುತ್ತದೆ. ಆದರೆ ಮಾಸಿದ ಕಡತದಲ್ಲಿ ನಿಂತ ಗೀಟನ್ನು ಓರೆಯೆಂದು ಓದಿದರೆ ಕಾಲು ವೀಸವಾಗಿಬಿಡುತ್ತದೆ.

ಮೂರರ ಪಾಲು ಬಂದೊಡನೆ ಈ ಕ್ರಮ ಸೋಲುತ್ತದೆ. ನಾಲ್ಕು ನಾಲ್ಕಾಗಿ ಎಷ್ಟು ಸಲ ಒಡೆದರೂ ಮೂರನೆಯ ಒಂದು ಪಾಲು ಕರಾರುವಾಕ್ಕಾಗಿ ದೊರೆಯದು. ಅಲ್ಲಿ ನೆರವಾಗುವುದು ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ. ಶ. 850ರಲ್ಲಿ, ರಚಿತವಾದ 'ಗಣಿತಸಾರಸಂಗ್ರಹ'. ಅದರ ಕಲಾಸವರ್ಣ ವ್ಯವಹಾರದಲ್ಲಿ ಮಹಾವೀರಾಚಾರ್ಯರು 'ನಿರುದ್ಧ'ವನ್ನು ನಿರೂಪಿಸಿದ್ದಾರೆ. ಛೇದಗಳ ಸಮಾನ ಅಪವರ್ತಕಗಳನ್ನೂ, ಅವುಗಳಿಂದ ಭಾಗಿಸಿದಾಗ ಬರುವ ಲಬ್ಧಗಳನ್ನೂ ಗುಣಿಸಿದರೆ ನಿರುದ್ಧ ದೊರೆಯುತ್ತದೆ. ನಿರುದ್ಧವನ್ನು ಆಯಾ ಛೇದದಿಂದ ಭಾಗಿಸಿ, ಬಂದ ಲಬ್ಧದಿಂದ ಅಂಶವನ್ನೂ ಛೇದವನ್ನೂ ಗುಣಿಸಬೇಕು. 5/12 ಮತ್ತು 7/16ರಲ್ಲಿ ಸಮಾನ ಅಪವರ್ತಕ 4, ಲಬ್ಧಗಳು 3 ಮತ್ತು 4, ನಿರುದ್ಧ 48. ಆಗ ಅವು 20/48 ಮತ್ತು 21/48 ಆಗುತ್ತವೆ. ಛೇದಗಳನ್ನು ನೇರವಾಗಿ ಗುಣಿಸಿದ್ದರೆ 192 ಬರುತ್ತಿತ್ತು. ಓಲೆಯ ಮೇಲೆ ಕಂಠದಿಂದ ಲೆಕ್ಕ ಬರೆಯುವವನಿಗೆ ಈ ಉಳಿತಾಯ ಸಣ್ಣದಲ್ಲ. ಗ್ರಂಥವನ್ನು ರಂಗಾಚಾರ್ಯರ 1912ರ ಮದರಾಸು ಆವೃತ್ತಿಯಲ್ಲಿಯೂ, ಪದ್ಮಾವತಮ್ಮ ಅವರ ಕನ್ನಡ ಅನುವಾದವುಳ್ಳ 2000ದ ಹೊಂಬುಜ ಆವೃತ್ತಿಯಲ್ಲಿಯೂ ನೋಡಬಹುದು.

ಹಸ್ತಪ್ರತಿಗಳಲ್ಲಿ ಅಂಶ ಮೇಲೆ, ಛೇದ ಕೆಳಗೆ, ನಡುವೆ ಗೆರೆಯಿಲ್ಲ. ಪೂರ್ಣಾಂಕವಿದ್ದರೆ ಅದು ಎಲ್ಲಕ್ಕೂ ಮೇಲೆ. ಲಿಪಿಕಾರನು ಸಾಲು ತಪ್ಪಿದರೆ ಪಾಲೊಂದು ಪೂರ್ಣವನ್ನೇ ಮೀರಬಹುದು. ಅಂತಹ ದೋಷ ಸುಲಭವಾಗಿ ಸಿಕ್ಕಿಬೀಳುತ್ತದೆ. ಕಷ್ಟವಿರುವುದು ಅಲ್ಪ ಅಂತರದಲ್ಲಿ.

ಬಸದಿಯೊಂದಕ್ಕೆ ಬಿಟ್ಟ ಭೂಮಿ ಕಲ್ಲಿನಲ್ಲಿ 'ಮೂರರಲ್ಲಿ ಎರಡು ಪಾಲು' ಎಂದೂ ಕಡತದಲ್ಲಿ 'ಅರೆ ಎರಡು ವೀಸ ಮೂರು ಕಾಣಿ' ಎಂದೂ ಇದೆಯೆಂದು ಭಾವಿಸಬಹುದು. ಎರಡನೆಯದು 43/64. 3 ಮತ್ತು 64ರ ನಿರುದ್ಧ 192. ಪಾಲುಗಳು ಕ್ರಮವಾಗಿ 128 ಮತ್ತು 129. ಅಂತರ 1/192 ಮಾತ್ರ. ಕಾಣಿಗಳಲ್ಲಿ ಮೂರರಲ್ಲೆರಡಕ್ಕೆ ಇದಕ್ಕಿಂತ ಸಮೀಪದ ಬೆಲೆಯಿಲ್ಲ. 42 ಕಾಣಿಗಳೆಂದರೆ 126ಕ್ಕೆ ಇಳಿಯುತ್ತದೆ. ಆದ್ದರಿಂದ ಕಲ್ಲಿಗೂ ಕಡತಕ್ಕೂ ವಿರೋಧವಿದೆಯೆನ್ನುವುದು ಅವಸರದ ಮಾತು. ಕಡತದಲ್ಲಿ 'ಅರೆ ಎರಡು ವೀಸ' ಎಂದಷ್ಟೇ ಇದ್ದರೆ ಅದು 120. ಎಂಟು ಅಂಶಗಳ ಕೊರತೆ. ಅಲ್ಲಿ ಕಾಣಿಗಳು ಅಳಿಸಿಹೋಗಿವೆಯೇ ಅಥವಾ ಪಾಲೇ ಬೇರೆಯೇ ಎಂದು ಕಡತದ ಮಡಿಕೆಯನ್ನು ಮತ್ತೆ ಬೆಳಕಿಗೆ ಹಿಡಿದು ನೋಡಬೇಕಾಗುತ್ತದೆ.