ಕೊಟ್ಟೂರಿನ ರೈಲುಹಾದಿ ಮತ್ತು ಹಳ್ಳದ ಸೇತುವೆ

ಕೊಟ್ಟೂರಿನ ಶ್ರೀ ಗುರು ಕೊಟ್ಟೂರೇಶ್ವರಸ್ವಾಮಿಯ ರಥೋತ್ಸವ ಸಮೀಪಿಸಿತೆಂದರೆ ದಾವಣಗೆರೆ, ಹರಪನಹಳ್ಳಿ, ಕೂಡ್ಲಿಗಿಯ ಹಾದಿಗಳು ಪಾದಯಾತ್ರಿಗಳಿಂದ ತುಂಬುತ್ತವೆ. ಈ ಕ್ಷೇತ್ರವನ್ನು ಸೇರಲು ನಮ್ಮ ಹಿರಿಯರಿಗೆ ಇನ್ನೊಂದು ದಾರಿಯೂ ಇದ್ದಿತು. ಅದು ಹೊಸಪೇಟೆಯಿಂದ ಬರುವ ರೈಲುಹಾದಿ. ಅದರ ಚರಿತ್ರೆಯನ್ನು ಓದುಗ ಬಂಧುಗಳ ಅವಗಾಹನೆಗೆ ತರಬಯಸುತ್ತೇವೆ.

ಸದರನ್ ಮರಾಠಾ ರೈಲ್ವೆ ಕಂಪನಿಯ ಕಾಲದಲ್ಲಿ, 1905ರಲ್ಲಿ, ಮರಿಯಮ್ಮನಹಳ್ಳಿ, ಹಗರಿಬೊಮ್ಮನಹಳ್ಳಿಗಳ ಮೂಲಕ ಕೊಟ್ಟೂರಿನವರೆಗೆ ಸುಮಾರು 70 ಕಿಲೋಮೀಟರ್ ಮೀಟರ್‌ಗೇಜ್ ಹಾದಿ ತೆರೆಯಿತು. ಬಯಲುಸೀಮೆಯ ಹಳ್ಳಗಳು ವರ್ಷದ ಬಹುಭಾಗ ಬರಿಯ ಮರಳು. ಆದರೆ ಒಂದೇ ರಾತ್ರಿಯ ಮಳೆಗೆ ದಡ ಮೀರುತ್ತವೆ. ಪ್ರವಾಹವು ಸೇತುವೆಯ ಕಂಬವನ್ನು ದೂಡಿ ಬೀಳಿಸುವುದಕ್ಕಿಂತ ಬುಡದ ಮರಳನ್ನು ಕೊರೆದು ಕೆಡಹುವುದೇ ಹೆಚ್ಚು. ಆದುದರಿಂದಲೇ ಒಣಗಿದ ಹಳ್ಳಕ್ಕೂ ಆಳವಾದ ಅಸ್ತಿಭಾರ ಬೇಕಾಗುತ್ತದೆ.

ಮಠದಲ್ಲಿ ವಿದ್ಯಾರ್ಥಿಯಾಗಿದ್ದ ದಿನಗಳಲ್ಲಿ ಈ ಗಾಡಿಯಲ್ಲಿ ಪ್ರಯಾಣ ಮಾಡಿದ್ದೇವೆ. ಹಳ್ಳದ ಸೇತುವೆ ಬಂದೊಡನೆ ಗಾಡಿಯ ವೇಗ ತಗ್ಗುತ್ತಿತ್ತು. ತಾಯಂದಿರು ಸ್ವಾಮಿಯ ನಾಮವನ್ನು ನೆನೆದು ಕಿಟಕಿಯಿಂದ ಕಾಸು ಹಾಕುತ್ತಿದ್ದರು.

1995ರಲ್ಲಿ ಹಾದಿಯನ್ನು ಬ್ರಾಡ್‌ಗೇಜ್‌ಗೆ ಬದಲಿಸಲಾಯಿತು. ಒಂದು ಮೀಟರ್ ಅಗಲದ ಹಳಿ 1,676 ಮಿಲಿಮೀಟರಿಗೆ ಹಿಗ್ಗಿತು. ಹಾದಿ ಹಿಗ್ಗಿದರೂ ಪ್ರಯಾಣಿಕರ ಗಾಡಿ ಮಾತ್ರ ನಿಂತುಹೋಯಿತು. ಕೊಟ್ಟೂರಿನಿಂದ ಹರಪನಹಳ್ಳಿಯ ಮೂಲಕ ಹರಿಹರಕ್ಕೆ ಹೊಸ ಹಾದಿ ಕೂಡಿದ ಮೇಲೆ, 2019ರಲ್ಲಿ, ಜನರಿಗೆ ಮತ್ತೆ ರೈಲು ದೊರೆಯಿತು. ನಡುವೆ ಕಳೆದದ್ದು 24 ವರ್ಷ. ಆ ಅವಧಿಯಲ್ಲಿ ಒಂದು ಪೀಳಿಗೆಯೇ ರೈಲಿನ ನೆನಪಿಲ್ಲದೆ ಬೆಳೆಯಿತು.

ಸ್ಥಾವರವಾದ ಸೇತುವೆಗೆ ಸಾರ್ಥಕತೆ ಬರುವುದು ಅದರ ಮೇಲೆ ಜನ ಸಂಚರಿಸಿದಾಗಲೇ ಎಂಬುದನ್ನು ಈ ಚರಿತ್ರೆ ನಮಗೆ ಮನಗಾಣಿಸುತ್ತದೆ.

ಕೊನೆಗೊಂದು ವಿನಂತಿ. ಗಾಡಿಯಿಲ್ಲದ ದಿನಗಳಲ್ಲಿ ಕೆಲವರಿಗೆ ಸೇತುವೆಯ ಮೇಲೆಯೇ ನಡೆದು ಹಳ್ಳ ದಾಟುವ ರೂಢಿಯಾಯಿತು. ಈಗ ಹಳಿಯ ಮೇಲೆ ಗಾಡಿಗಳು ಓಡುತ್ತಿವೆ. ಸೇತುವೆಯ ನಡುವೆ ಸಿಕ್ಕಿಕೊಂಡವನಿಗೆ ಪಕ್ಕಕ್ಕೆ ಸರಿಯಲು ಇಂಬಿರುವುದಿಲ್ಲ. ಪಾದಯಾತ್ರಿಗಳು, ವಿಶೇಷವಾಗಿ ಮಕ್ಕಳೊಡನೆ ಬರುವ ತಾಯಂದಿರು, ಸುತ್ತಾದರೂ ರಸ್ತೆಯನ್ನೇ ಹಿಡಿಯಬೇಕು. ಸ್ವಾಮಿಯ ಸನ್ನಿಧಿಗೆ ಒಂದು ಗಳಿಗೆ ತಡವಾಗಿ ಬಂದರೆ ದೋಷವಿಲ್ಲ. ಭಕ್ತರು ಕ್ಷೇಮವಾಗಿ ಮನೆಗೆ ಮರಳುವುದೇ ಯಾತ್ರೆಯ ಪೂರ್ಣಫಲವೆಂದು ನಾವು ಭಾವಿಸುತ್ತೇವೆ.