ಯಾವ ಯುಪಿಎಸ್ ಬೇಕು?

ಬೆಂಗಳೂರು 260 ಕಿ.ಮೀ. ದೂರವಿದ್ದರೂ ದಾವಣಗೆರೆ, ಹರಿಹರಕ್ಕೆ ಕರೆಂಟ್ ಕೊಡುವುದು ಬೆಸ್ಕಾಂ. ಪತ್ರಿಕೆಯ ಒಳಪುಟದ ‘ವಿದ್ಯುತ್ ವ್ಯತ್ಯಯ’ದಲ್ಲಿ ನಿಮ್ಮ ಬಡಾವಣೆ ಕಾಣಿಸಿತೆಂದರೆ ಬೆಳಿಗ್ಗೆ ಹತ್ತರಿಂದ ಸಂಜೆವರೆಗಿನ ಮಾತು. ಏಪ್ರಿಲ್‌ನ ಗಾಳಿಮಳೆಗೆ ಆ ಪ್ರಕಟಣೆಯೂ ಇರುವುದಿಲ್ಲ.

ನಮ್ಮಲ್ಲಿ ಮನೆಯ ಇನ್‌ವರ್ಟರಿಗೂ ಯುಪಿಎಸ್ ಅಂತಲೇ ಹೆಸರು. ಅಂಗಡಿಯಲ್ಲಿ ಗೊಂದಲವಾಗುವುದು ಅದಕ್ಕೇ. ಕಂಪ್ಯೂಟರ್ ಪಕ್ಕದ ಪುಟ್ಟ ಯುಪಿಎಸ್ ಇರುವುದು ಹತ್ತು ಹದಿನೈದು ನಿಮಿಷದಲ್ಲಿ ಕೆಲಸ ಉಳಿಸಿ ಆಫ್ ಮಾಡಲಿಕ್ಕೆ. ತಾಸುಗಟ್ಟಲೆ ನಡೆಸುವುದು ಇನ್‌ವರ್ಟರ್.

ಅದರ ವಿಎ ಒಮ್ಮೆಗೆ ಎಷ್ಟು ಹೊರೆ ಎಂಬುದನ್ನು ಹೇಳಿದರೆ, ಬ್ಯಾಟರಿಯ ಎಎಚ್ ಎಷ್ಟು ಹೊತ್ತು ಎಂಬುದನ್ನು ಹೇಳುತ್ತದೆ. 12 ವೋಲ್ಟ್‌ನ 150 ಎಎಚ್ ಬ್ಯಾಟರಿಯಲ್ಲಿ ಲೆಕ್ಕಕ್ಕೆ 1,800 ವ್ಯಾಟ್-ಅವರ್ ಇದೆ. ನಷ್ಟ ಕಳೆದು ಕೈಗೆ ಸಿಗುವುದು 1,200ರ ಆಸುಪಾಸು. ಎರಡು ಹಳೇ ಫ್ಯಾನ್ (150), ನಾಲ್ಕು ಎಲ್‌ಇಡಿ (36), ಟಿವಿ (70), ರೂಟರ್ (10) ಸೇರಿ 266 ವ್ಯಾಟ್, ಅಂದರೆ ನಾಲ್ಕೂವರೆ ತಾಸು. ಅದೇ ಫ್ಯಾನುಗಳನ್ನು 30 ವ್ಯಾಟಿನ ಬಿಎಲ್‌ಡಿಸಿಗೆ ಬದಲಿಸಿದರೆ ಆರೂವರೆ ತಾಸು ದಾಟುತ್ತದೆ. ದೊಡ್ಡ ಬ್ಯಾಟರಿಗೆ ದುಡ್ಡು ಸುರಿಯುವ ಮೊದಲು ನಾನಾದರೆ ಫ್ಯಾನ್ ಬದಲಿಸುತ್ತೇನೆ.

ಕೊಳ್ಳುವುದಾದರೆ ಸೈನ್‌ವೇವ್ ಕೊಳ್ಳಿ. ಅಗ್ಗದ ಸ್ಕ್ವೇರ್‌ವೇವ್‌ನಲ್ಲಿ ಫ್ಯಾನ್ ಗುಂಯ್‌ಗುಡುತ್ತದೆ. ಕರೆಂಟ್ ಹೋದ ಕ್ಷಣ ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತಿದ್ದರೆ ಇನ್‌ವರ್ಟರ್ ಮೇಲಿನ ಸ್ವಿಚ್ ನೋಡಿ. ‘ಯುಪಿಎಸ್’ ಮೋಡ್‌ನಲ್ಲಿ ಬದಲಾವಣೆ ಬೇಗ. ಆದರೆ ಆ ಮೋಡ್‌ನಲ್ಲಿ ವೋಲ್ಟೇಜ್ ಸುಮಾರು 180ಕ್ಕಿಂತ ಇಳಿದರೆ ಸಾಕು, ಕರೆಂಟಿದ್ದರೂ ಬ್ಯಾಟರಿಗೆ ಹಾರುತ್ತದೆ. ಬೇಸಿಗೆಯಲ್ಲಿ ಲೋ ವೋಲ್ಟೇಜ್ ಇರುವ ಓಣಿಯವರಿಗೆ ಇದು ಪೀಕಲಾಟ. ಅಲ್ಲಿ ಇನ್‌ವರ್ಟರನ್ನು ಇನ್ನೊಂದು ಮೋಡ್‌ಗೆ ಹಾಕಿ, ಕಂಪ್ಯೂಟರಿಗೆ ಪುಟ್ಟ ಯುಪಿಎಸ್ ಬೇರೆ ಇಡುವುದೇ ವಾಸಿ.

ಬರೀ ಇಂಟರ್ನೆಟ್ ಉಳಿದರೆ ಸಾಕೆನ್ನುವವರಿಗೆ, ಲ್ಯಾಪ್‌ಟಾಪ್‌ನಲ್ಲಿ ಹೇಗೂ ಬ್ಯಾಟರಿ ಇರುವುದರಿಂದ, ರೂಟರಿನ ಮಿನಿ ಯುಪಿಎಸ್ ಒಂದೇ ಸಾಕು. ಅಡಾಪ್ಟರ್ ಮೇಲಿನ ವೋಲ್ಟ್, ಆಂಪಿಯರ್ ಬರೆದುಕೊಂಡು ಅಂಗಡಿಗೆ ಹೋಗಿ. ಫೈಬರ್ ಡಬ್ಬಿ ಬೇರೆಯೇ ಇದ್ದರೆ ಅದಕ್ಕೂ ಪವರ್ ಬೇಕು, ಮರೆಯಬೇಡಿ.

ಚಾವಣಿಗೆ ಸೋಲಾರ್ ಹಾಕಿಸಿದವರು ನಿಶ್ಚಿಂತೆಯಿಂದಿರುತ್ತಾರೆ. ಆದರೆ ಬ್ಯಾಟರಿಯಿಲ್ಲದ ಆನ್-ಗ್ರಿಡ್ ಸೋಲಾರ್, ಬೆಸ್ಕಾಂ ಲೈನ್ ಸತ್ತೊಡನೆ ತಾನೂ ನಿಲ್ಲುತ್ತದೆ, ಎಷ್ಟೇ ಬಿಸಿಲಿರಲಿ. ಕಂಬದ ಮೇಲಿನ ಲೈನ್‌ಮ್ಯಾನ್‌ಗೆ ಶಾಕ್ ಹೊಡೆಯಬಾರದೆಂದು ಮಾಡಿದ ಏರ್ಪಾಡು ಅದು.

ಟ್ಯೂಬುಲರ್ ಬ್ಯಾಟರಿಯನ್ನು ಗಾಳಿಯಾಡುವ ತಂಪು ಜಾಗದಲ್ಲಿಡಿ. ಚಾರ್ಜ್ ಆಗುವಾಗ ಅದು ಹೈಡ್ರೋಜನ್ ಬಿಡುತ್ತದೆ. ನೀರು ಇಳಿದಾಗ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ. ಬೋರಿನ ನೀರೂ ಬೇಡ, ಹೊಳೆ ನೀರೂ ಬೇಡ.